ಹಳೆ ಕಂಪ್ಯೂಟರ್‌ಗೆ ರ‍್ಯಾಮ್ ಕೊಳ್ಳೋ ಮುಂಚೆ ಚಿಪ್ ಎಣಿಸಿ

‘ಡಿಡಿಆರ್3, 4 ಜಿಬಿ ಕೊಡಿ’ ಅಂತ ಕೇಳಿ ತಂದ ರ‍್ಯಾಮ್ ಹಳೆ ಮದರ್‌ಬೋರ್ಡಿನಲ್ಲಿ ಕೆಲಸ ಮಾಡುತ್ತದೆ ಅನ್ನೋ ಖಾತ್ರಿ ಇಲ್ಲ. ಡಿಡಿಆರ್2, ಡಿಡಿಆರ್3 ಅಂದರೆ ರ‍್ಯಾಮ್‌ನ ತಲೆಮಾರುಗಳು. ಹಾಸನದ ನಮ್ಮ ಡಿಟಿಪಿ ಅಂಗಡಿಯಲ್ಲಿ ಒಂದು ಕೋರ್ 2 ಡ್ಯುಯೋ ಕಂಪ್ಯೂಟರ್ ಇದೆ, ಜಿ41 ಚಿಪ್‌ಸೆಟ್ಟಿನದು (ಪ್ರೊಸೆಸರ್, ರ‍್ಯಾಮ್ ಎಲ್ಲವನ್ನೂ ಜೋಡಿಸುವ ಬೋರ್ಡಿನ ಮುಖ್ಯ ಚಿಪ್ಪೇ ಚಿಪ್‌ಸೆಟ್). ಮದುವೆ ಕಾಗದ, ಕರಪತ್ರ ಎಲ್ಲ ಅದರಲ್ಲೇ. 2 ಜಿಬಿ ಇದ್ದಾಗ ಕೋರೆಲ್‌ಡ್ರಾ ಜೊತೆಗೆ ಬ್ರೌಸರ್ ತೆರೆದರೆ ಸಾಕು, ನಿಂತೇ ಬಿಡುತ್ತಿತ್ತು. ಈಗ 8 ಜಿಬಿ ಇದೆ, ಆರಾಮಾಗಿ ನಡೆಯುತ್ತಿದೆ. ಇಂಥ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ ಅಂತ ಬಂದವರಿಗೆಲ್ಲ ಹೇಳುತ್ತೇನೆ.

ಮೊದಲು ವಿಂಡೋಸ್ 32 ಬಿಟ್ಟೋ 64 ಬಿಟ್ಟೋ ನೋಡಿ. ‘ಮೈ ಕಂಪ್ಯೂಟರ್’ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋದರೆ ಕಾಣುತ್ತದೆ. 32 ಬಿಟ್ ಆದರೆ 4 ಜಿಬಿಗಿಂತ ಜಾಸ್ತಿ ಹಾಕಿ ಪ್ರಯೋಜನವಿಲ್ಲ. ಆ 4 ಕೂಡ ಪೂರ್ತಿ ಸಿಗೋದಿಲ್ಲ.

ಆಮೇಲೆ ಸಿಪಿಯು-ಝಡ್ ಅನ್ನೋ ಉಚಿತ ತಂತ್ರಾಂಶ ಹಾಕಿಕೊಳ್ಳಿ. ‘ಮೇನ್‌ಬೋರ್ಡ್’ ಪುಟದಲ್ಲಿ ಬೋರ್ಡಿನ ಮಾಡೆಲ್, ‘ಎಸ್‌ಪಿಡಿ’ ಪುಟದಲ್ಲಿ ಈಗಿರುವ ರ‍್ಯಾಮ್‌ನ ವಿವರ ಸಿಗುತ್ತದೆ. ಮಾಡೆಲ್ ಹೆಸರನ್ನು ಅಕ್ಷರ ಬಿಡದೆ ಬರೆದುಕೊಳ್ಳಿ. ಜಿ41 ಅಂದರೆ ಸಾಲದು. ಇಂಟೆಲ್‌ನದೇ ಡಿಜಿ41ಆರ್‌ಕ್ಯೂ ಬೋರ್ಡ್ ಡಿಡಿಆರ್2, ಡಿಜಿ41ಡಬ್ಲ್ಯೂವಿ ಡಿಡಿಆರ್3. ಎರಡೂ ರ‍್ಯಾಮ್‌ಗೆ 240 ಪಿನ್ನೇ, ಆದರೆ ಕಚ್ಚು ಬೇರೆ ಜಾಗದಲ್ಲಿದೆ. ಕೂರದಿದ್ದರೆ ಒತ್ತಲೇಬೇಡಿ. ಮಾಡೆಲ್ ಹಾಕಿ ಹುಡುಕಿದರೆ ಕಂಪನಿಯ ಕೈಪಿಡಿ ಸಿಗುತ್ತದೆ. ಒಟ್ಟು ಎಷ್ಟು ಜಿಬಿ, ಒಂದು ಸ್ಲಾಟಿಗೆ ಎಷ್ಟು ಅನ್ನೋದನ್ನು ಅದರಲ್ಲೇ ನೋಡಿ.

ಹೆಚ್ಚು ಜನ ತಪ್ಪೋದು ಮುಂದಿನ ವಿಷಯದಲ್ಲಿ. 4 ಜಿಬಿ ರ‍್ಯಾಮ್ ಕಡ್ಡಿ ಎರಡು ರೀತಿ ಬರುತ್ತದೆ. ಒಂದರಲ್ಲಿ ಎರಡೂ ಬದಿ ಎಂಟೆಂಟು, ಒಟ್ಟು 16 ಚಿಪ್. ಒಂದೊಂದೂ 2 ಗಿಗಾಬಿಟ್ (8 ಗಿಗಾಬಿಟ್ ಸೇರಿದರೆ 1 ಜಿಬಿ). ಅದರ ಲೇಬಲ್ ಮೇಲೆ 2ಆರ್‌ಎಕ್ಸ್8 ಅಂತಿರುತ್ತದೆ. ಇನ್ನೊಂದರಲ್ಲಿ 8 ಚಿಪ್ ಮಾತ್ರ, ಒಂದೊಂದೂ 4 ಗಿಗಾಬಿಟ್, ಲೇಬಲ್ 1ಆರ್‌ಎಕ್ಸ್8. ಜಿ41ಗೆ 16 ಚಿಪ್ಪಿನದೇ ಬೇಕು. 4 ಗಿಗಾಬಿಟ್ ಚಿಪ್ಪನ್ನು ಅದು ಓದಲಾರದು. ಹೊಸ ಕಡ್ಡಿಗಳಲ್ಲಿ 8 ಚಿಪ್ಪಿನವೇ ಜಾಸ್ತಿ. ಹಾಗಾಗಿ ಈ ಬೋರ್ಡಿಗೆ ಹೊಸದಕ್ಕಿಂತ ಒಳ್ಳೆ ಸೆಕೆಂಡ್ ಹ್ಯಾಂಡೇ ವಾಸಿ ಅನ್ನೋದು ನನ್ನ ಅಭಿಪ್ರಾಯ. 2011ರ ನಂತರದ ಎಚ್61 ಥರದ ಬೋರ್ಡಿಗೆ ಈ ತಾಪತ್ರಯವಿಲ್ಲ, ಎರಡೂ ನಡೆಯುತ್ತವೆ.

ಬೆಂಗಳೂರಿನ ಕಂಪ್ಯೂಟರ್ ಮಾರುಕಟ್ಟೆ ಎಸ್‌ಪಿ ರೋಡಿಗೆ ಹೋಗುವಾಗ ಹಳೆ ಕಡ್ಡಿಯನ್ನೇ ಜೊತೆಗೆ ಒಯ್ಯಿರಿ. ಲೇಬಲ್ಲಿನಲ್ಲಿ ಪಿಸಿ3-10600 ಅಂದರೆ 1333 ವೇಗ, ಪಿಸಿ3-12800 ಅಂದರೆ 1600. ವೇಗ ಜಾಸ್ತಿ ಇದ್ದರೆ ಚಿಂತೆ ಬೇಡ, ಬೋರ್ಡಿಗೆ ತಕ್ಕಂತೆ ಇಳಿದು ಓಡುತ್ತದೆ. ಆ ಪಿಸಿ3 ಸಂಖ್ಯೆಯ ಕೊನೆಗೆ ‘ಯು’ ಇದ್ದರೆ ಸಾಧಾರಣ ಡೆಸ್ಕ್‌ಟಾಪಿನದು. ‘ಆರ್’ ಇದ್ದರೆ ಸರ್ವರಿನದು, ಎಷ್ಟೇ ಅಗ್ಗವಾದರೂ ಬೇಡ. ‘ಎಎಂಡಿಗೆ (ಇಂಟೆಲ್‌ನ ಪೈಪೋಟಿ ಕಂಪನಿ) ಮಾತ್ರ’ ಅಂತ ಮಾರುವ ಕಡ್ಡಿ ಇಂಟೆಲ್ ಬೋರ್ಡಿಗೆ ಬೇಡ. ಡಿಡಿಆರ್3ಎಲ್ 1.35 ವೋಲ್ಟಿನದಾದರೂ 1.5 ವೋಲ್ಟಿನಲ್ಲೂ ಓಡುವಂತೆ ಮಾಡಿದ್ದು, ಸಾಮಾನ್ಯವಾಗಿ ತೊಂದರೆ ಇಲ್ಲ. ‘ಸರಿ ಹೋಗದಿದ್ದರೆ ಬದಲಿಸಿ ಕೊಡ್ತೀರಾ ಅಣ್ಣಾ?’ ಅಂತ ಮೊದಲೇ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಹಾಕುವಾಗ ಪ್ಲಗ್ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ, ಆಮೇಲೆ ಕಡ್ಡಿ ಹಿಡಿಯಿರಿ. ಕಚ್ಚು ಹೊಂದಿಸಿ ಒತ್ತಿದರೆ ಎರಡೂ ತುದಿಯ ಕ್ಲಿಪ್ ಟಕ್ ಅನ್ನಬೇಕು. ಬೀಪ್ ಮಾತ್ರ ಬಂದು ಪರದೆ ಕಪ್ಪಾಗೇ ಇದ್ದರೆ ಗಾಬರಿ ಬೇಡ. ಮತ್ತೆ ಪ್ಲಗ್ ಕಿತ್ತು, ಒಂದೇ ಕಡ್ಡಿ ಇಟ್ಟು, ಸ್ಲಾಟ್ ಬದಲಿಸಿ ನೋಡಿ. ಹಳೆಯದರ ಪಿನ್ನುಗಳನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿದರೂ ಎಷ್ಟೋ ಸಲ ಸರಿಹೋಗುತ್ತದೆ.

ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್ ಪರದೆ) ಪೂರ್ತಿ ಜಿಬಿ ಕಂಡ ಮಾತ್ರಕ್ಕೆ ಕೆಲಸ ಶುರು ಮಾಡಬೇಡಿ. ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86+ ಅನ್ನೋ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ ಓಡಿಸಿ, ಕನಿಷ್ಠ ಒಂದು ಸುತ್ತು ಪೂರ್ತಿ ಬಿಡಿ. ದೋಷ ತೋರಿಸುವ ಕೆಂಪು ಸಾಲು ಒಂದೇ ಒಂದು ಬಂದರೂ ಆ ಕಡ್ಡಿಯನ್ನು ಅಂಗಡಿಗೆ ವಾಪಸ್ ಕೊಡಿ.