ಮಾಸ್ಟರ್ ಕೀ ಎಲ್ಲಿಡ್ಬೇಕು? ರೈಲ್ಸ್ ಪ್ರಾಜೆಕ್ಟಲ್ಲಿ ಪಾಸ್‌ವರ್ಡ್ ಜೋಪಾನ ಮಾಡೋದು ಹೀಗೆ

ಮಡಿಕೇರಿ ಹತ್ರ ಹೋಂಸ್ಟೇ ನಡೆಸೋ ಪರಿಚಯದವರಿಗೆ ಬುಕಿಂಗ್ ವೆಬ್‌ಸೈಟ್ ಮಾಡಿಕೊಡ್ತಿದ್ದಾಗ ಪೇಮೆಂಟ್ ಗೇಟ್‌ವೇ ಕೀನ (ಆನ್‌ಲೈನ್ ಹಣ ಪಡೆಯೋ ಸೇವೆಯ ಗುಪ್ತ ಪಾಸ್‌ವರ್ಡ್) ಸೀದಾ ಕೋಡಲ್ಲೇ ಬರೆದು ಗಿಟ್‌ಗೆ, ಅಂದ್ರೆ ಕೋಡಿನ ಬದಲಾವಣೆಗಳನ್ನೆಲ್ಲ ದಾಖಲಿಸಿಡೋ ವ್ಯವಸ್ಥೆಗೆ, ಹಾಕ್ಬಿಟ್ಟಿದ್ದೆ, ಆಮೇಲೆ ಆ ಸಾಲು ಅಳಿಸಿದ್ರೂ ಹಳೇ ಕಮಿಟ್‌ಗಳಲ್ಲಿ (ಗಿಟ್ ಉಳಿಸಿದ ದಾಖಲೆಗಳಲ್ಲಿ) ಅದು ಹಾಗೇ ಕೂತಿತ್ತು. ಕಾಳುಮೆಣಸು ತುಂಬಿದ ಗೋಡೌನಿಗೆ ಬೀಗ ಹಾಕಿ ಬೀಗದಕೈನ ಅಲ್ಲೇ ಮೊಳೆಗೆ ತಗುಲಿಸಿ ಬಂದ ಹಾಗೆ.

ವೆಬ್‌ಸೈಟ್ ಕಟ್ಟೋಕೆ ಬಳಸೋ ರೂಬಿ ಆನ್ ರೈಲ್ಸ್ ಫ್ರೇಮ್‌ವರ್ಕಲ್ಲಿ ಇದಕ್ಕೆ 2018ರಲ್ಲಿ ಬಂದ 5.2 ವರ್ಷನ್‌ನಿಂದಲೇ ಒಳ್ಳೇ ವ್ಯವಸ್ಥೆ ಇದೆ. ಹೊಸ ಪ್ರಾಜೆಕ್ಟ್ ಶುರು ಮಾಡಿದ ಕೂಡಲೇ ಕಾನ್ಫಿಗ್ ಫೋಲ್ಡರಲ್ಲಿ ಎರಡು ಫೈಲ್ ಬರುತ್ತೆ. ಒಂದು ಪಾಸ್‌ವರ್ಡ್‌ಗಳನ್ನ ಇಡೋ ಕ್ರೆಡೆನ್ಶಿಯಲ್ಸ್ ಫೈಲ್, ಎನ್‌ಕ್ರಿಪ್ಟ್ ಆಗಿರುತ್ತೆ (ಕೀ ಇಲ್ದೆ ಓದೋಕಾಗಲ್ಲ), ಗಿಟ್‌ಗೆ ಹೋದ್ರೆ ತೊಂದರೆ ಇಲ್ಲ. ಇನ್ನೊಂದು ಅದನ್ನ ತೆರೆಯೋ ಮಾಸ್ಟರ್ ಕೀ, ಒಳಗೆ 32 ಅಕ್ಷರ ಅಷ್ಟೇ, ಇದು ಮಾತ್ರ ಹೋಗ್ಲೇಬಾರದು. ಗಿಟ್‌ಇಗ್ನೋರಲ್ಲಿ (ಗಿಟ್‌ಗೆ ಹೋಗಬಾರದ ಫೈಲ್‌ಗಳ ಪಟ್ಟಿ) ಇದನ್ನ ರೈಲ್ಸೇ ಸೇರಿಸಿರುತ್ತೆ, ಆದ್ರೂ ಮೊದಲ ಕಮಿಟ್‌ಗೆ ಮುಂಚೆ ಒಂದ್ಸಲ ಗಿಟ್ ಸ್ಟೇಟಸ್ ಕಮಾಂಡ್ ಹೊಡೆದು ಮಾಸ್ಟರ್ ಕೀ ಪಟ್ಟಿಯಲ್ಲಿಲ್ಲ ಅಂತ ಕಣ್ಣಾರೆ ನೋಡ್ಕೊಳ್ಳಿ.

ಗೇಟ್‌ವೇ ಕೀ ತರದ್ದನ್ನ ಸೇರಿಸೋಕೆ ಕ್ರೆಡೆನ್ಶಿಯಲ್ಸ್ ಫೈಲನ್ನ ನೇರವಾಗಿ ತೆರೆಯೋ ಹಾಗಿಲ್ಲ, ತೆರೆದ್ರೂ ಅರ್ಥವಾಗದ ಅಕ್ಷರಗಳೇ ಕಾಣೋದು. ಟರ್ಮಿನಲ್‌ನಲ್ಲಿ ರೈಲ್ಸ್‌ನ ಕ್ರೆಡೆನ್ಶಿಯಲ್ಸ್ ಎಡಿಟ್ ಕಮಾಂಡ್ ಕೊಡಿ, ಅದು ಬಿಚ್ಚಿ ಎಡಿಟರಲ್ಲಿ ತೋರಿಸುತ್ತೆ, ಸೇವ್ ಮಾಡಿ ಮುಚ್ಚಿದ್ರೆ ವಾಪಸ್ ಎನ್‌ಕ್ರಿಪ್ಟ್ ಮಾಡುತ್ತೆ. ವಿಎಸ್ ಕೋಡ್ ಬಳಸೋರು ಎಡಿಟರ್ ಹೆಸರಿನ ಜೊತೆ ವೇಟ್ (--wait) ಅನ್ನೋ ಆಪ್ಷನ್ ಕೊಡ್ಲೇಬೇಕು, ಇಲ್ಲಾಂದ್ರೆ ನೀವು ಟೈಪ್ ಮಾಡೋ ಮುಂಚೆನೇ ಕಮಾಂಡ್ ಮುಗಿದುಹೋಗಿ ಬರೆದಿದ್ದು ಯಾವುದೂ ಉಳಿಯಲ್ಲ, ನಾನು ಇದರಲ್ಲೇ ಒಂದು ಸಂಜೆ ಕಳೆದಿದೀನಿ. ಒಳಗಿನ ಸಾಲುಗಳಿಗೆ ಟ್ಯಾಬ್ ಬೇಡ, ಎರಡೆರಡು ಸ್ಪೇಸ್ ಬಿಡಿ.

ಲೈವ್ ಸೈಟಿನ ಕೀ ಬೇರೆನೇ ಇರ್ಲಿ. ರೈಲ್ಸ್ 6ರಿಂದ ಪ್ರೊಡಕ್ಷನ್‌ಗೆ ಅಂತಾನೇ ಪ್ರತ್ಯೇಕ ಫೈಲ್, ಪ್ರತ್ಯೇಕ ಕೀ ಮಾಡ್ಬಹುದು, ಎಡಿಟ್ ಕಮಾಂಡ್ ಜೊತೆ ಎನ್ವಿರಾನ್ಮೆಂಟ್ ಹೆಸರು (ಇಲ್ಲಿ ಪ್ರೊಡಕ್ಷನ್) ಹೇಳಿದ್ರೆ ಸಾಕು. ಸರ್ವರ್‌ಗೆ ಕೀ ಫೈಲ್ ಕಾಪಿ ಮಾಡೋ ಬದಲು ರೈಲ್ಸ್ ಮಾಸ್ಟರ್ ಕೀ ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ (ಕೋಡಿನ ಹೊರಗೆ ಸರ್ವರ್ ಸೆಟ್ಟಿಂಗಲ್ಲಿ ಇಡೋ ಮೌಲ್ಯ) ಕೊಡಿ.

ಮಾಸ್ಟರ್ ಕೀ ಲೀಕ್ ಆಯ್ತು ಅಂದ್ಕೊಳ್ಳಿ, ಹೊಸದು ಮಾಡಿದ್ರೆ ಮುಗೀತು ಅಂತ ತುಂಬಾ ಜನ ಅಂದ್ಕೋತಾರೆ, ಹಾಗಲ್ಲ. ಗಿಟ್ ಹಿಸ್ಟರಿಯಲ್ಲಿರೋ ಹಳೇ ಫೈಲ್ ಹಳೇ ಕೀಗೆ ಈಗ್ಲೂ ತೆರೆಯುತ್ತೆ. ಹಾಗಾಗಿ ಮೊದ್ಲು ಗೇಟ್‌ವೇ, ಇಮೇಲ್, ಸ್ಟೋರೇಜ್, ಒಳಗಿರೋ ಒಂದೊಂದು ಪಾಸ್‌ವರ್ಡನ್ನೂ ಆಯಾ ಕಂಪನಿ ಡ್ಯಾಶ್‌ಬೋರ್ಡಲ್ಲಿ ರದ್ದು ಮಾಡಿ ಹೊಸದು ತಗೊಳ್ಳಿ.

ಮಾಸ್ಟರ್ ಕೀ ಕಳೆದುಹೋದ್ರೂ ಅಷ್ಟೇ ಕಷ್ಟ, ಒಳಗಿರೋದನ್ನ ಯಾರಿಂದಲೂ ವಾಪಸ್ ತೆಗೆಯೋಕಾಗಲ್ಲ. ನಮ್ಮಲ್ಲಿ ಜೂನ್ ಬಂತಂದ್ರೆ ಕರೆಂಟ್ ದಿನಗಟ್ಟಲೆ ಇರಲ್ಲ, ಲ್ಯಾಪ್‌ಟಾಪ್ ಕೈಕೊಟ್ರೆ ರಿಪೇರಿಗೆ ಮೈಸೂರಿಗೇ ಹೋಗ್ಬೇಕು. ನಾನು ಪಾಸ್‌ವರ್ಡ್ ಮ್ಯಾನೇಜರಲ್ಲಿ ಒಂದು ಕಾಪಿ ಇಟ್ಟು, ಆ 32 ಅಕ್ಷರಗಳನ್ನ ಕಾಗದದ ಮೇಲೂ ಬರೆದು ಜಮ್ಮಾ ಜಾಗದ (ಕೊಡಗಿನ ವಂಶಪಾರಂಪರ್ಯ ಜಮೀನು) ಪತ್ರಗಳಿರೋ ಬೀರುವಲ್ಲಿ ಇಟ್ಟಿದೀನಿ, ಮಳೆಗಾಲಕ್ಕೆ ಬೀರು ಒಳಗೂ ಬೂಷ್ಟು ಹಿಡಿಯುತ್ತಲ್ಲ, ಅದಕ್ಕೆ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ.