ಟ್ರೇಲರ್ ಬ್ರೇಕ್ ಕಂಟ್ರೋಲರ್ ಎಲ್ಲಿ ಕೂರಿಸಬೇಕು?

ದೇವಿಮನೆ ಘಟ್ಟ ಇಳಿಯುವಾಗ ಎಡಗಾಲಿಗೆ ಬಿಡುವಿಲ್ಲ. ಮೂರನೇ ಗೇರ್‌ನಿಂದ ಎರಡಕ್ಕೆ, ಎರಡರಿಂದ ಮತ್ತೆ ಮೂರಕ್ಕೆ. ಕ್ಲಚ್ ತುಳಿಯಲು ಹೊರಟಾಗೆಲ್ಲ ಮೊಣಕಾಲು ಮೇಲೇಳುತ್ತದೆ. ನಾನು ಮೊದಲ ಸಲ ಬ್ರೇಕ್ ಕಂಟ್ರೋಲರ್ ಕೂರಿಸಿದ್ದು ಸರಿಯಾಗಿ ಆ ಮೊಣಕಾಲು ಏಳುವ ಜಾಗದಲ್ಲೇ. ಶಿರಸಿಯಿಂದ ಕುಮಟಾಕ್ಕೆ ತಿಂಡಿಗಾಡಿಯ ಟ್ರೇಲರ್ ಎಳೆದುಕೊಂಡು ಹೊರಟಿದ್ದೆ. ನಾಲ್ಕು ತಿರುವು ಕಳೆಯುವಷ್ಟರಲ್ಲಿ ಕಂಟ್ರೋಲರ್‌ನ ಅಂಚು ಚರ್ಮ ಕೆತ್ತತೊಡಗಿತು. ಕಾಲು ತಪ್ಪಿಸಲು ಮೈ ಓರೆ ಮಾಡಿ ಕುಳಿತೆ. ಹಿಂದೆ ಭಾರ ಹೊತ್ತು ಘಟ್ಟ ಇಳಿಯುವವನು ಹಾಗೆ ಕೂರಲೇಬಾರದು. ಕುಮಟಾ ತಲುಪಿದ ಮೇಲೆ ಮಾಡಿದ ಮೊದಲ ಕೆಲಸ ಅದನ್ನು ಬಿಚ್ಚಿದ್ದು.

ಟ್ರೇಲರ್‌ನ ಗಾಲಿಗಳಲ್ಲಿ ವಿದ್ಯುತ್ ಬ್ರೇಕ್ ಇದ್ದರೆ ಮಾತ್ರ ಈ ಸಾಧನ ಬೇಕು. ನೀವು ಪೆಡಲ್ ಒತ್ತಿದಾಗ ಅದು ಟ್ರೇಲರ್‌ನ ಬ್ರೇಕ್ ಡ್ರಮ್‌ಗಳೊಳಗಿನ ವಿದ್ಯುತ್ಕಾಂತಗಳಿಗೆ ಅಳತೆ ಮಾಡಿ ಕರೆಂಟ್ ಕಳಿಸುತ್ತದೆ. ಕಾರವಾರದ ಕಡೆ ದೋಣಿ ಸಾಗಿಸುವ, ಉಪ್ಪುನೀರಿಗೆ ಇಳಿಯುವ ಟ್ರೇಲರ್‌ಗಳಿಗೆ ಈ ಬಗೆಯ ಬ್ರೇಕ್ ಹೊಂದುವುದಿಲ್ಲ, ತುಕ್ಕು ತಿಂದುಬಿಡುತ್ತದೆ.

ಕಂಟ್ರೋಲರ್‌ನಲ್ಲಿ ಕೈಯಿಂದ ಒತ್ತುವ ಒಂದು ಸಣ್ಣ ಸನ್ನೆಕೋಲು ಅಥವಾ ಗುಂಡಿ ಇರುತ್ತದೆ. ಜಾಗದ ಪ್ರಶ್ನೆಯೆಲ್ಲ ನಿಂತಿರುವುದು ಅದರ ಮೇಲೆ. ಟ್ರೇಲರ್ ಹಾವಿನಂತೆ ಅತ್ತಿತ್ತ ಓಲಾಡಲು ಶುರುವಾದರೆ ವಾಹನದ ಬ್ರೇಕ್ ಜೋರಾಗಿ ತುಳಿಯಬಾರದು. ಆ ಗುಂಡಿಯಿಂದ ಟ್ರೇಲರ್‌ನ ಬ್ರೇಕನ್ನಷ್ಟೇ ಹಿಡಿದರೆ ಅದು ಹಿಂದಕ್ಕೆ ಜಗ್ಗಿ ನೆಟ್ಟಗಾಗುತ್ತದೆ. ಆ ಕ್ಷಣದಲ್ಲಿ ಗುಂಡಿ ಎಲ್ಲಿದೆಯೆಂದು ಹುಡುಕಲು ಸಮಯವಿರುವುದಿಲ್ಲ. ಕಣ್ಣು ರಸ್ತೆಯ ಮೇಲಿರುವಾಗಲೇ ಕೈ ಅಲ್ಲಿಗೆ ಹೋಗಬೇಕು.

ಹಾಗಾಗಿ ಡ್ರಿಲ್ ಹಿಡಿಯುವ ಮೊದಲು ಸೀಟಿನಲ್ಲಿ ಕುಳಿತುಕೊಳ್ಳಿ. ಎಂದಿನಂತೆ ಸೀಟು ಹೊಂದಿಸಿ, ಬೆಲ್ಟ್ ಹಾಕಿ. ಕಂಟ್ರೋಲರ್‌ನಷ್ಟೇ ದೊಡ್ಡದಾದ ರಟ್ಟಿನ ಪೊಟ್ಟಣವೊಂದನ್ನು ಡ್ಯಾಶ್‌ಬೋರ್ಡಿನ ಕೆಳ ಅಂಚಿಗೆ ಟೇಪಿನಿಂದ ಅಂಟಿಸಿ, ಎರಡು ದಿನ ಹಾಗೆಯೇ ಗಾಡಿ ಓಡಿಸಿ. ಕ್ಲಚ್ ತುಳಿಯುವಾಗ, ಇಳಿಯುವಾಗ, ಹತ್ತುವಾಗ ಮೊಣಕಾಲು ತಾಗಿದರೆ ರಟ್ಟು ಮುದುಡಿ ತಾನೇ ಹೇಳುತ್ತದೆ. ಇದನ್ನು ಮೊದಲೇ ಮಾಡಿದ್ದರೆ ನನ್ನ ಡ್ಯಾಶ್‌ಬೋರ್ಡಿನಲ್ಲಿ ಎರಡು ವ್ಯರ್ಥ ತೂತುಗಳು ಇರುತ್ತಿರಲಿಲ್ಲ.

ಅಮೆರಿಕದಿಂದ ಬರುವ ಕಂಟ್ರೋಲರ್‌ಗಳ ಕೈಪಿಡಿಯನ್ನು ಕುರುಡಾಗಿ ನಂಬಬೇಡಿ. ಅಲ್ಲಿ ಸ್ಟೇರಿಂಗ್ ಎಡಕ್ಕಿರುವುದರಿಂದ ಚಿತ್ರದಲ್ಲಿ ಸಾಧನವನ್ನು ಅದರ ಬಲಕ್ಕೆ ತೋರಿಸಿರುತ್ತಾರೆ. ನಾವೂ ಬಲಕ್ಕೇ ಹಾಕಿದರೆ ಅದು ಬಾಗಿಲ ಪಕ್ಕಕ್ಕೆ ಹೋಗುತ್ತದೆ; ಎಡಗೈ ಗೇರ್ ಮೇಲಿರುವಾಗ ಗುಂಡಿ ಒತ್ತಲು ಬಲಗೈಯೂ ಸ್ಟೇರಿಂಗ್ ಬಿಡಬೇಕಾಗುತ್ತದೆ. ನಮ್ಮ ಗಾಡಿಗಳಿಗೆ ಸ್ಟೇರಿಂಗ್‌ನ ಎಡಬದಿ, ನಡುವಣ ಕನ್ಸೋಲ್‌ಗೆ ತಾಗಿದಂತಿರುವ ಮೂಲೆಯೇ ಸರಿ. ಗೇರ್ ಹಿಡಿದ ಕೈ ಅರ್ಧ ಗೇಣು ಸರಿದರೆ ಸಾಕು. ಆದರೆ ಕ್ಲಚ್‌ನ ಮೊಣಕಾಲೂ ಇದೇ ಬದಿಯಲ್ಲಿದೆ. ಅದಕ್ಕಾಗಿ ಸಾಧನವನ್ನು ಕನ್ಸೋಲ್‌ನತ್ತ ಒತ್ತಿ, ಸಾಧ್ಯವಾದಷ್ಟು ಮೇಲಕ್ಕೆ ಕೂರಿಸಬೇಕು.

ಇನ್ನು ಸಾಧನದ ಜಾತಿ. ಪೆಡಲ್ ಒತ್ತಿದ ಮೇಲೆ ನಿಗದಿತ ವೇಗದಲ್ಲಿ ಕರೆಂಟ್ ಏರಿಸುತ್ತ ಹೋಗುವ ಬಗೆಯನ್ನು ಯಾವ ಕೋನದಲ್ಲಾದರೂ ಇಡಬಹುದು. ವಾಹನ ಎಷ್ಟು ರಭಸದಿಂದ ನಿಧಾನವಾಗುತ್ತಿದೆ ಎಂದು ಒಳಗಿನ ಸಂವೇದಕದಿಂದ ಅಳೆಯುವ ಬಗೆ ಹೆಚ್ಚು ನಯವಾಗಿ ಬ್ರೇಕ್ ಹಿಡಿಯುತ್ತದೆ. ಘಟ್ಟಕ್ಕೆ ನನ್ನ ಆಯ್ಕೆ ಅದೇ. ಆದರೆ ಇದರಲ್ಲಿ ಬಹುಪಾಲು ಸಾಧನಗಳ ಮುಖ ವಾಹನ ಸಾಗುವ ದಿಕ್ಕಿಗೆ ನೇರವಾಗಿರಬೇಕು, ಅಡ್ಡಕ್ಕೆ ವಾಲಬಾರದು, ಮೇಲೆ ಕೆಳಗೆ ಬಾಗುವುದೂ ಕೈಪಿಡಿ ಹೇಳಿದ ಕೋನದೊಳಗೇ ಇರಬೇಕು. ಸಮತಟ್ಟಾದ ಅಂಗಳದಲ್ಲಿ ಗಾಡಿ ನಿಲ್ಲಿಸಿ ರಸಮಟ್ಟ ಇಟ್ಟು ನೋಡಿ. ಆಸ್ಟ್ರೇಲಿಯದ ರೆಡಾರ್ಕ್ ಟೋ-ಪ್ರೋದಂಥವುಗಳಲ್ಲಿ ಮುಖ್ಯ ಪೆಟ್ಟಿಗೆ ಡ್ಯಾಶ್‌ಬೋರ್ಡ್ ಹಿಂದೆ ಅಡಗಿ, ಹೊರಗೆ ಒಂದು ತಿರುಗುಗುಂಡಿ ಮಾತ್ರ ಉಳಿಯುತ್ತದೆ. ಜಾಗ ಇಕ್ಕಟ್ಟಾಗಿದ್ದರೆ ಹೆಚ್ಚು ಹಣ ಕೊಟ್ಟಾದರೂ ಅದನ್ನು ತರುವುದು ಒಳ್ಳೆಯದು.

ಏರ್‌ಬ್ಯಾಗ್ ಇರುವ ಜಾಗದ ಹತ್ತಿರ ಸುಳಿಯಬೇಡಿ. ಇನೋವಾ ಕ್ರಿಸ್ಟಾ, ಫಾರ್ಚ್ಯೂನರ್‌ನಂಥ ವಾಹನಗಳಲ್ಲಿ ಚಾಲಕನ ಮೊಣಕಾಲಿನ ಮುಂದೆಯೂ ಏರ್‌ಬ್ಯಾಗ್ ಇರುತ್ತದೆ; ಅದರ ದಾರಿಯಲ್ಲಿ ಕೂತ ಸಾಧನ ಅಪಘಾತದ ಹೊತ್ತಿಗೆ ಮೈಮೇಲೆ ಎರಗುವ ಕಲ್ಲು. ಎಸಿ ನಳಿಗೆಯ ಕೆಳಗೂ ಬೇಡ. ಕರಾವಳಿಯ ತೇವದ ಗಾಳಿಗೆ ತಣ್ಣನೆಯ ನಳಿಗೆ ಬೆವರಿ ಹನಿ ಉದುರಿಸುತ್ತದೆ. ಡ್ಯಾಶ್‌ಬೋರ್ಡಿನ ನೆತ್ತಿಯ ಮೇಲಿಟ್ಟರೆ ಬಿಸಿಲಿಗೆ ಕಾಯುತ್ತದೆ, ರಾತ್ರಿ ಅದರ ಬೆಳಕು ಗಾಜಿನಲ್ಲಿ ಕಾಣುತ್ತದೆ.

ಜಾಗ ಖಚಿತವಾದ ಮೇಲೆ ಬ್ಯಾಟರಿಯ ಋಣ ತಂತಿ ಕಳಚಿ, ಪ್ಯಾನೆಲ್ ಹಿಂದೆ ಟಾರ್ಚ್ ಹಾಕಿ ತಂತಿಗಳ ಕಟ್ಟು ಇಲ್ಲವೆಂದು ನೋಡಿ. ಡ್ರಿಲ್ಲಿನ ಮೊನೆಗೆ ಕೆಲವೇ ಮಿಲಿಮೀಟರ್ ಬಿಟ್ಟು ಟೇಪು ಸುತ್ತಿದರೆ ಅದಕ್ಕಿಂತ ಆಳಕ್ಕೆ ಇಳಿಯುವುದಿಲ್ಲ. ಎರಡು ಬದಿಯ ಅಂಟುಪಟ್ಟಿಯನ್ನು ನೆಚ್ಚಬೇಡಿ, ಸ್ಕ್ರೂ ಹಾಕಿ. ಪ್ಲಾಸ್ಟಿಕ್ ತೆಳುವಾಗಿದ್ದರೆ ಹಿಂದಿನಿಂದ ತಗಡಿನ ತುಂಡು ಕೊಡಿ.

ತಂತಿ ನಾಲ್ಕೇ: ಸಾಮಾನ್ಯವಾಗಿ ಕಪ್ಪು ಬ್ಯಾಟರಿಯ ಧನಕ್ಕೆ, ಬಿಳಿ ಋಣಕ್ಕೆ, ಕೆಂಪು ಬ್ರೇಕ್ ದೀಪದ ಸ್ವಿಚ್ಚಿಗೆ, ನೀಲಿ ಹಿಂದಿನ ಟ್ರೇಲರ್ ಪ್ಲಗ್ಗಿಗೆ. ಕಪ್ಪು ಬ್ಯಾಟರಿಯ ಧನವೆಂಬುದು ನಮ್ಮ ರೂಢಿಗೆ ತದ್ವಿರುದ್ಧ, ಇಲ್ಲಿ ಎಡವಬೇಡಿ. ಧನದ ದಾರಿಯಲ್ಲಿ, ಬ್ಯಾಟರಿಯ ಹತ್ತಿರವೇ ಸರ್ಕಿಟ್ ಬ್ರೇಕರ್ ಇರಲಿ. ಎರಡು ಗಾಲಿಯ ಬ್ರೇಕಿಗೆ 20 ಆಂಪಿಯರ್, ನಾಲ್ಕಕ್ಕೆ 30. ತಂತಿಗಳು ಪೆಡಲ್‌ಗಳತ್ತ ಜೋತುಬೀಳದಂತೆ ಕಟ್ಟಿ.

ಕೊನೆಗೆ ಸಮತಟ್ಟಾದ ಖಾಲಿ ರಸ್ತೆಯಲ್ಲಿ ಗಂಟೆಗೆ ಸುಮಾರು 40 ಕಿ.ಮೀ. ವೇಗದಲ್ಲಿ ಗುಂಡಿಯನ್ನಷ್ಟೇ ಒತ್ತಿ. ಟ್ರೇಲರ್‌ನ ಗಾಲಿ ಕಚ್ಚಿಕೊಂಡು ಜಾರುವವರೆಗೆ ಶಕ್ತಿ ಏರಿಸಿ, ಅಲ್ಲಿಂದ ಸ್ವಲ್ಪ ಇಳಿಸಿ. ಮೊದಲ ಬಾರಿ ಘಟ್ಟ ಇಳಿದ ಮೇಲೆ ಗಾಡಿ ನಿಲ್ಲಿಸಿ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿ ಮಾಡಿ.