ಮಾನ್‌ಸ್ಟೆರಾ ಗಿಡಕ್ಕೆ ಮಲೆನಾಡಿನ ಲೆಕ್ಕ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆ ಈಗ ಯಾರ ಮನೆ ಜಗಲಿ ನೋಡಿದರೂ ಒಂದು ಮಾನ್‌ಸ್ಟೆರಾ ಕುಂಡ ಕಾಣುತ್ತದೆ. ಅಗಲ ಎಲೆ, ಎಲೆ ತುಂಬ ತೂತು, ಅಂಚಿನಲ್ಲಿ ಉದ್ದುದ್ದ ಸೀಳು. ನೋಡಲು ಬಲು ಚೆಂದ. ತರುವಾಗ ಎಲ್ಲರೂ ಖುಷಿಯಿಂದ ತರುತ್ತಾರೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎಲೆ ಹಳದಿಯಾಗಿ ಬುಡ ಕಪ್ಪಾಗಿ ಗಿಡ ಹೋಗಿರುತ್ತದೆ. ಕಾರಣ ಇದೆ. ಹುಡುಕಿದರೆ ಸಿಗುವ ಸಲಹೆಗಳಲ್ಲಿ ಬಹಳಷ್ಟು ಚಳಿದೇಶದವರು ಹೀಟರ್ ಹಾಕಿಕೊಂಡ ಒಣ ಮನೆಗಳಿಗೆ ಬರೆದದ್ದು. ದಿನಾ ಎಲೆಗೆ ನೀರು ಸಿಂಪಡಿಸಿ, ಹ್ಯೂಮಿಡಿಫೈಯರ್ ಇಡಿ ಅಂತೆಲ್ಲ ಇರುತ್ತದೆ. ಜುಲೈನಲ್ಲಿ ಗೋಡೆಯೇ ಬೆವರುವ, ಒಗೆದ ಬಟ್ಟೆ ವಾರವಾದರೂ ಒಣಗದ ನಮ್ಮೂರಲ್ಲಿ ಅದನ್ನು ಮಾಡಿದರೆ ಗಿಡ ಉಳಿಯುವುದು ಕಷ್ಟ, ಅಲ್ವಾ?

ನಮಗೆ ಬೇಕಾದ ಪಾಠ ತೋಟದಲ್ಲೇ ಇದೆ. ಮಾನ್‌ಸ್ಟೆರಾ ಡೆಲಿಸಿಯೋಸಾ ಮೂಲದಲ್ಲಿ ದಕ್ಷಿಣ ಮೆಕ್ಸಿಕೋದಿಂದ ಪನಾಮಾ ತನಕದ ಮಳೆಕಾಡಿನ ಬಳ್ಳಿ. ನೆಲದಲ್ಲಿ ಮೊಳೆತು, ದೊಡ್ಡ ಮರದ ಕಾಂಡ ಹಿಡಿದು, ಗಿಣ್ಣುಗಳಲ್ಲಿ ಬೇರು ಬಿಡುತ್ತಾ ಮೇಲೆ ಹತ್ತುತ್ತದೆ. ಸಿಲ್ವರ್ ಓಕ್ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ ಹೇಗೋ ಇದೂ ಹಾಗೆಯೇ. ಮೆಣಸಿಗೆ ಏನು ಬೇಕು ಅಂತ ತೋಟದವರಿಗೆ ಹೇಳಿಕೊಡಬೇಕಾಗಿಲ್ಲ. ಮರದ ಸಂದಿಯಿಂದ ಇಳಿಯುವ ಹದ ಬೆಳಕು, ಬುಡದಲ್ಲಿ ನಿಲ್ಲದ ನೀರು, ಹತ್ತಲು ಆಸರೆ. ಮಾನ್‌ಸ್ಟೆರಾಕ್ಕೂ ಇಷ್ಟೇ ಬೇಕು.

ಮೊದಲು ನೀರಿನ ವಿಷಯ, ಯಾಕೆಂದರೆ ಗಿಡ ಸಾಯುವುದು ಹೆಚ್ಚಾಗಿ ಇಲ್ಲಿಯೇ. ಸೋಮವಾರ ಒಂದು ಚೊಂಬು, ಗುರುವಾರ ಒಂದು ಚೊಂಬು ಅಂತ ವಾರ ನೋಡಿ ನೀರು ಹಾಕಬೇಡಿ. ಮಣ್ಣಿಗೆ ಬೆರಳು ಇಳಿಸಿ ನೋಡಿ. ಎರಡು ಇಂಚು ಆಳದ ತನಕ ಒಣಗಿದ್ದರೆ ಹಾಕಿ, ಬೆರಳಿಗೆ ಮಣ್ಣು ತೇವವಾಗಿ ಅಂಟಿದರೆ ಸುಮ್ನೆ ಬಿಡಿ. ಕುಂಡ ಎತ್ತಿ ನೋಡುವುದೂ ಒಳ್ಳೆಯ ಅಭ್ಯಾಸ, ಒಣಗಿದ ಕುಂಡದ ಹಗುರ ಸ್ವಲ್ಪ ದಿನದಲ್ಲೇ ಕೈಗೆ ಗೊತ್ತಾಗುತ್ತದೆ. ಹಾಕುವಾಗ ಮಾತ್ರ ಜಿಪುಣತನ ಬೇಡ. ತಳದ ತೂತಿನಿಂದ ನೀರು ಹರಿದು ಬರುವಷ್ಟು ಹಾಕಿ, ಅರ್ಧ ಗಂಟೆ ಬಿಟ್ಟು ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ತಟ್ಟೆಯಲ್ಲಿ ನೀರು ನಿಂತರೆ ಬೇರು ಉಸಿರಾಡಲಾಗದೆ ಕೊಳೆಯುತ್ತದೆ. ಬಸಿಗಾಲುವೆ ಸರಿಯಿಲ್ಲದ ತೋಟದಲ್ಲಿ ಮೆಣಸಿಗೆ ಸೊರಗು ರೋಗ ಬರುವುದೂ ನೀರು ನಿಲ್ಲುವ ಕಡೆಯೇ.

ಮಾರ್ಚ್, ಏಪ್ರಿಲ್ ಬಿಸಿಲಿಗೆ ವಾರಕ್ಕೊಮ್ಮೆ ನೀರು ಬೇಕಾಗಬಹುದು. ಆರಿದ್ರಾ ಮಳೆ ಹಿಡಿದ ಮೇಲೆ ಆಶ್ಲೇಷ ಮುಗಿಯುವ ತನಕ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಮಧ್ಯದ ತನಕ, ಹತ್ತು ಹದಿನೈದು ದಿನವಾದರೂ ಮಣ್ಣು ಒಣಗುವುದಿಲ್ಲ, ಆಗ ಚೊಂಬು ಹಿಡಿದು ಹತ್ತಿರ ಹೋಗುವುದೇ ಬೇಡ. ಜಗಲಿಯಲ್ಲಿಟ್ಟಿದ್ದರೆ ಸೂರಿನ ನೀರು ಕುಂಡಕ್ಕೆ ಬೀಳದ ಹಾಗೆ ಗೋಡೆಯ ಕಡೆ ಸರಿಸಿಡಿ. ಗಾಳಿಮಳೆಯ ಇರಚಲು ಎಲೆಗೆ ಬಿದ್ದು, ದಿನವಿಡೀ ಎಲೆ ಒದ್ದೆಯಾಗೇ ಉಳಿದರೆ ಹಳದಿ ಅಂಚಿನ ಕಂದು ಚುಕ್ಕೆ ಶುರುವಾಗುತ್ತದೆ. ಅಂಥ ಎಲೆ ಕತ್ತರಿಸಿ ದೂರ ಹಾಕಿ, ಕುಂಡಗಳ ನಡುವೆ ಗಾಳಿ ಆಡಲು ಜಾಗ ಬಿಡಿ. ತೋಟಕ್ಕೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು (ಮೈಲುತುತ್ತ, ಸುಣ್ಣ ಕಲಸಿದ ಶಿಲೀಂಧ್ರನಾಶಕ) ಇದಕ್ಕೂ ಹೊಡೆಯೋಣ ಅಂತ ಅನಿಸುತ್ತದೆ. ಮನೆಯೊಳಗಿನ ಗಿಡಕ್ಕೆ ಅದು ಬೇಡ. ಎಲೆ ಮೇಲೆ ನೀಲಿ ಕಲೆ ಉಳಿಯುತ್ತದೆ, ಮಕ್ಕಳು ಮುಟ್ಟುವ ಜಾಗ ಬೇರೆ.

ಕಡೂರು, ಅರಸೀಕೆರೆ ಕಡೆಯವರ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಗಾಳಿ ಒಣ, ಬೋರ್‌ವೆಲ್ ನೀರು ಗಡಸು. ಸ್ವಲ್ಪ ತಿಂಗಳಲ್ಲಿ ಮಣ್ಣಿನ ಮೇಲೆ, ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ, ಎಲೆಯ ತುದಿ ಕಂದಾಗಿ ಒಣಗುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಅದನ್ನೇ ಕೊಡಿ. ಇಲ್ಲದಿದ್ದರೆ ಮಳೆ ಬಂದಾಗ ಒಂದು ಸಲ ಕುಂಡವನ್ನು ಹೊರಗಿಟ್ಟು, ಮಣ್ಣು ತೊಳೆದು ನೀರು ಬಸಿದು ಹೋದ ಮೇಲೆ ಒಳಗೆ ತನ್ನಿ.

ಬೆಳಗ್ಗೆ ಎದ್ದು ನೋಡಿದಾಗ ಎಲೆಯ ತುದಿಯಲ್ಲಿ ಹನಿ ನೀರು ನಿಂತಿದ್ದರೆ ಗಾಬರಿ ಬೇಡ. ರಾತ್ರಿ ಬೇರು ಹೀರಿದ ಹೆಚ್ಚಿನ ನೀರನ್ನು ಗಿಡ ಹೀಗೆ ಹೊರಗೆ ಹಾಕುತ್ತದೆ. ದಿನಾ ಹನಿ ಕಾಣುತ್ತಿದ್ದರೆ ಮುಂದಿನ ನೀರನ್ನು ಸ್ವಲ್ಪ ತಡ ಮಾಡಿ.

ಬೆಳಕಿನ ಬಗ್ಗೆ ನಮ್ಮಲ್ಲಿ ಒಂದು ತಪ್ಪು ನಂಬಿಕೆ ಇದೆ, ಇದು ನೆರಳಿನ ಗಿಡ, ಮೂಲೆಯಲ್ಲಿಟ್ಟರೂ ಸಾಕು ಅಂತ. ಸಾಕಾಗುವುದಿಲ್ಲ. ಹಳೆಯ ಹೆಂಚಿನ ಮನೆಗಳಲ್ಲಿ ಸೂರು ಇಳಿಬಿದ್ದಿರುತ್ತದೆ, ಕಿಟಕಿ ಚಿಕ್ಕದು, ನಡುಮನೆಯಲ್ಲಿ ಮಧ್ಯಾಹ್ನವೂ ದೀಪ ಬೇಕು. ಅಂಥ ಕಡೆ ಇಟ್ಟ ಗಿಡ ಸಾಯದೆ ಇರಬಹುದು, ಆದರೆ ಗಿಣ್ಣಿಂದ ಗಿಣ್ಣಿಗೆ ಉದ್ದ ಎಳೆದುಕೊಂಡು, ಪುಟ್ಟ ಪುಟ್ಟ ಎಲೆ ಬಿಡುತ್ತಾ ಬೆಳಕಿನ ಕಡೆ ವಾಲುತ್ತದೆ. ಪೂರ್ವದ ಕಿಟಕಿಯ ಪಕ್ಕ ಒಳ್ಳೆಯ ಜಾಗ, ಬೆಳಗಿನ ಎಳೆ ಬಿಸಿಲು ಬಿದ್ದರೆ ತೊಂದರೆಯಿಲ್ಲ. ಗಾಜಿನ ಹೆಂಚು ಹಾಕಿದ್ದರೆ ಅದರಿಂದ ಎರಡು ಮೂರು ಅಡಿ ಪಕ್ಕಕ್ಕೆ ಇಡಿ, ನೇರ ಕೆಳಗೆ ಬೇಡ. ಬೇಸಿಗೆಯ ಮಧ್ಯಾಹ್ನದ ಬಿಸಿಲು ನೇರ ಬಿದ್ದರೆ ಎಲೆ ಬಿಳಚಿಕೊಂಡು ಸುಟ್ಟುಹೋಗುತ್ತದೆ, ಸುಟ್ಟ ಜಾಗ ಮತ್ತೆ ಹಸಿರಾಗುವುದಿಲ್ಲ. ಪರೀಕ್ಷೆ ಮಾಡುವುದು ಸುಲಭ. ಗಿಡ ಇಡುವ ಜಾಗದಲ್ಲಿ ಹಗಲು ಹೊತ್ತು ಕೈ ಹಿಡಿಯಿರಿ. ನೆರಳು ಮಸುಕಾಗಿ ಬಿದ್ದರೆ ಹದ. ನೆರಳೇ ಕಾಣದಿದ್ದರೆ ಕತ್ತಲೆ ಜಾಸ್ತಿ. ಗೆರೆ ಎಳೆದ ಹಾಗೆ ಸ್ಪಷ್ಟವಾಗಿ ಬಿದ್ದರೆ ಬಿಸಿಲು ಜಾಸ್ತಿ. ಮಳೆಗಾಲದಲ್ಲಿ ಮೋಡ ಕವಿದು ಬೆಳಕು ತೀರಾ ಕಮ್ಮಿಯಾದಾಗ ಕಿಟಕಿಗೆ ಇನ್ನೂ ಹತ್ತಿರ ಸರಿಸಿ. ಮಳೆಗಾಲಕ್ಕೆ ಮುಂಚೆ ತೋಟದಲ್ಲಿ ಮರಗಸಿ ಮಾಡುವುದೂ, ಅಂದರೆ ನೆರಳಿನ ಮರದ ಕೊಂಬೆ ಸವರುವುದೂ, ಇದೇ ಕಾರಣಕ್ಕೆ ಅಲ್ವಾ, ಕೆಳಗಿನ ಗಿಡಕ್ಕೆ ಬೆಳಕು ಸಿಗಲಿ ಅಂತ.

ಎಲೆಯಲ್ಲಿ ತೂತು ಬರುತ್ತಿಲ್ಲ ಅಂತ ಬಹಳ ಜನ ಕೇಳುತ್ತಾರೆ. ಹೊಸ ಎಲೆ ಬರುವಾಗ ಹತ್ತಿರ ಕೂತು ನೋಡಿ. ಹಳೆಯ ಎಲೆಯ ತೊಟ್ಟಿನ ಬುಡದಿಂದ ತಿಳಿ ಹಸಿರು ಬಣ್ಣದ, ಬೀಡಿಯಷ್ಟು ಬಿಗಿಯಾಗಿ ಸುತ್ತಿಕೊಂಡ ಮೊಳಕೆ ಬರುತ್ತದೆ. ದಿನ ಕಳೆದಂತೆ ಸುರುಳಿ ಸಡಿಲವಾಗಿ, ಒಂದು ಬದಿ ಬಿಚ್ಚಿಕೊಂಡು, ಎಲೆ ಮೇಣ ಹಚ್ಚಿದ ಹಾಗೆ ಹೊಳೆಯುತ್ತಾ ತೆರೆಯುತ್ತದೆ. ತೂತು, ಸೀಳು ಎಲ್ಲ ಆಗಲೇ ಅದರಲ್ಲಿ ಇರುತ್ತದೆ. ಎಲೆ ಮೊಗ್ಗಿನೊಳಗೆ ಇನ್ನೂ ತೀರಾ ಚಿಕ್ಕದಿರುವಾಗಲೇ ಕೆಲವು ಜಾಗದ ಕೋಶಗಳು ಸತ್ತು ತೂತು ಮೂಡುತ್ತದೆ. ಹಾಗಾಗಿ ತೂತಿಲ್ಲದೆ ಬಿಚ್ಚಿದ ಎಲೆಗೆ ಆಮೇಲೆ ತೂತು ಬರುವುದಿಲ್ಲ. ಎಳೆ ಗಿಡದ ಮೊದಲ ಎಲೆಗಳು ಹೃದಯದ ಆಕಾರದಲ್ಲಿ, ತೂತಿಲ್ಲದೆ ಇರುವುದು ಸಹಜ. ವಯಸ್ಸಾಗಬೇಕು, ಬೆಳಕು ಬೇಕು, ಹತ್ತಲು ಆಸರೆ ಬೇಕು, ಆಗ ಒಂದೊಂದು ಹೊಸ ಎಲೆಯೂ ಹಿಂದಿನದಕ್ಕಿಂತ ದೊಡ್ಡದಾಗಿ, ಹೆಚ್ಚು ಸೀಳಿಕೊಂಡು ಬರುತ್ತದೆ. ಸುರುಳಿಯನ್ನು ಮಾತ್ರ ಕೈಯಿಂದ ಬಿಚ್ಚಬೇಡಿ, ಹರಿದ ಎಲೆ ಕೂಡುವುದಿಲ್ಲ.

ಆಸರೆಗೆ ದುಡ್ಡು ಕೊಟ್ಟು ಪಾಚಿ ಕಂಬ ತರಲೇಬೇಕು ಅಂತಿಲ್ಲ. ಒಂದು ಅಡಿಕೆ ದಬ್ಬೆ ಅಥವಾ ತೊಗಟೆ ಇರುವ ಸಿಲ್ವರ್ ಓಕ್ ಕೊಂಬೆ ತೆಗೆದುಕೊಂಡು, ಅದಕ್ಕೆ ತೆಂಗಿನ ನಾರನ್ನು ದಪ್ಪಗೆ ಸುತ್ತಿ ಹಗ್ಗದಿಂದ ಬಿಗಿಯಿರಿ. ಕುಂಡ ಬದಲಾಯಿಸುವಾಗಲೇ ತಳದ ತನಕ ನೆಡಿ, ಆಮೇಲೆ ಚುಚ್ಚಿದರೆ ಬೇರು ಕಡಿಯುತ್ತದೆ. ಕಾಂಡದ ಬೇರು ಇರುವ ಬದಿ ಕಂಬಕ್ಕೆ ತಾಗುವಂತೆ ಹಳೆ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ. ಕಟ್ಟಬೇಕಾದ್ದು ಕಾಂಡವನ್ನು, ಎಲೆಯ ತೊಟ್ಟನ್ನಲ್ಲ. ತೊಟ್ಟು ಬೆಳಕಿನ ಕಡೆ ತಿರುಗಲು ಸ್ವತಂತ್ರವಾಗಿರಬೇಕು. ಕಂದು ಹಗ್ಗದ ಹಾಗೆ ನೇತಾಡುವ ಬೇರು ಅಸಹ್ಯ ಅಂತ ಕತ್ತರಿಸುವವರಿದ್ದಾರೆ. ಕತ್ತರಿಸಬೇಡಿ, ಕಂಬಕ್ಕೋ ಕುಂಡದ ಮಣ್ಣಿಗೋ ತಿರುಗಿಸಿ ಬಿಡಿ. ನೀರು ಸಿಂಪಡಿಸುವ ಆಸೆ ಇದ್ದರೆ ಒಣ ದಿನಗಳಲ್ಲಿ ಆ ನಾರಿಗೆ ಸಿಂಪಡಿಸಿ.

ಮಣ್ಣು ಹೇಗಿರಬೇಕು ಅಂದರೆ, ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಂಡಿ ಬಿಟ್ಟಾಗ ಉಂಡೆ ನಿಲ್ಲದೆ ಉದುರಬೇಕು. ಬರೀ ಕೆಂಪು ಮಣ್ಣು ಹಾಕಿದರೆ ನಾಲ್ಕು ಸಲ ನೀರು ಹಾಕುವಷ್ಟರಲ್ಲಿ ಗಟ್ಟಿಯಾಗುತ್ತದೆ. ಒಂದು ಪಾಲು ತೋಟದ ಮೇಲ್ಮಣ್ಣು, ಒಂದು ಪಾಲು ಕೊಕೊಪೀಟ್, ಒಂದು ಪಾಲು ದಪ್ಪ ಸಾಮಾನು ಅಂದರೆ ಇದ್ದಿಲು ಚೂರು, ತೆಂಗಿನ ಸಿಪ್ಪೆಯ ಚೂರು, ಸಣ್ಣ ಜಲ್ಲಿ, ಮೇಲೆ ಅರ್ಧ ಪಾಲು ಎರೆಹುಳು ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ತೆಂಗಿನ ಸಿಪ್ಪೆಯನ್ನು ನೆನೆಸಿ, ನೀರು ಬದಲಾಯಿಸಿ ತೊಳೆದು ಹಾಕಿ, ಅದರಲ್ಲಿ ಉಪ್ಪಿನಂಶ ಇರುತ್ತದೆ. ಹಸಿ ಸಗಣಿ ಗೊಬ್ಬರ ಖಂಡಿತ ಬೇಡ. ಕುಂಡ ಮಣ್ಣಿನದ್ದಾದರೆ ಒಳ್ಳೆಯದು, ಬೇಗ ಒಣಗುತ್ತದೆ. ಬೇರು ತಳದ ತೂತಿನಿಂದ ಇಣುಕಿದಾಗ ಎರಡು ಇಂಚು ಮಾತ್ರ ದೊಡ್ಡ ಕುಂಡಕ್ಕೆ ಬದಲಾಯಿಸಿ. ಚಿಕ್ಕ ಗಿಡವನ್ನು ದೊಡ್ಡ ಕುಂಡದಲ್ಲಿ ನೆಟ್ಟರೆ ಬೇರಿಲ್ಲದ ಮಣ್ಣಿನಲ್ಲಿ ನೀರು ಹಾಗೇ ಉಳಿಯುತ್ತದೆ.

ಗೊಬ್ಬರ ಮಾರ್ಚ್‌ನಿಂದ ಸೆಪ್ಟೆಂಬರ್ ತನಕ ಸಾಕು. ಎರಡು ತಿಂಗಳಿಗೊಮ್ಮೆ ಒಂದೆರಡು ಹಿಡಿ ಎರೆಹುಳು ಗೊಬ್ಬರ, ಇಲ್ಲವೇ ತಿಂಗಳಿಗೊಮ್ಮೆ ಲೀಟರ್ ನೀರಿಗೆ ಒಂದು ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮ ಇರುವ, ನೀರಲ್ಲಿ ಕರಗುವ ಗೊಬ್ಬರ). ಡಿಸೆಂಬರ್, ಜನವರಿಯ ಚಳಿಯಲ್ಲಿ ರಾತ್ರಿ 15 ಡಿಗ್ರಿಗಿಂತ ಕೆಳಗಿಳಿದಾಗ ಬೆಳವಣಿಗೆ ನಿಧಾನವಾಗುತ್ತದೆ. ಆಗ ಗೊಬ್ಬರ ಕೊಟ್ಟರೆ ಮಣ್ಣಲ್ಲೇ ಉಳಿದು ಬೇರು ಸುಡುತ್ತದೆ. ಇನ್ನು ಕಾಫಿ ಚರಟ. ನಮ್ಮ ಮನೆಗಳಲ್ಲಿ ದಿನಾ ಫಿಲ್ಟರ್‌ನಿಂದ ಒಂದು ಉಂಡೆ ಬರುತ್ತದೆ, ಅದನ್ನು ನೇರ ಕುಂಡಕ್ಕೆ ಹಾಕುವವರೇ ಜಾಸ್ತಿ. ಮೇಲೆ ಪದರ ಕಟ್ಟಿ, ನೀರು ಇಳಿಯದೆ, ಬಿಳಿ ಬೂಸು ಹಿಡಿಯುತ್ತದೆ. ಅದನ್ನು ಗೊಬ್ಬರದ ಗುಂಡಿಗೆ ಹಾಕಿ, ಕೊಳೆತ ಮೇಲೆ ಬಳಸಿ.

ಕೆಳಗಿನ ಒಂದು ಹಳೆಯ ಎಲೆ ಹಳದಿಯಾದರೆ ವಯಸ್ಸಾಗಿದೆ ಅಷ್ಟೇ. ಮಣ್ಣು ಒದ್ದೆ ಇದ್ದು ಮೂರು ನಾಲ್ಕು ಎಲೆ ಒಟ್ಟಿಗೆ ಹಳದಿಯಾದರೆ ಅವತ್ತೇ ಕುಂಡದಿಂದ ಗಿಡ ತೆಗೆಯಿರಿ. ಬಿಳಿಯಾಗಿ ಗಟ್ಟಿಯಿರುವ ಬೇರು ಉಳಿಸಿ, ಕಂದಾಗಿ ಮೆತ್ತಗಾಗಿ ವಾಸನೆ ಬರುವುದನ್ನೆಲ್ಲ ಕತ್ತರಿಸಿ, ಹೊಸ ಮಣ್ಣಲ್ಲಿ ಚಿಕ್ಕ ಕುಂಡಕ್ಕೆ ನೆಟ್ಟು ಮೂರು ನಾಲ್ಕು ದಿನ ನೀರು ತಡೆಯಿರಿ.

ಕೀಟದಲ್ಲಿ ಹಿಟ್ಟು ತಿಗಣೆಯೇ ಮುಖ್ಯ. ಕಾಫಿ ಗಿಡದಲ್ಲಿ ನೋಡಿರುತ್ತೀರಿ, ತೊಟ್ಟಿನ ಸಂದಿಯಲ್ಲಿ ಬಿಳಿ ಹತ್ತಿ ಅಂಟಿದ ಹಾಗೆ. ಕುಂಡದ ಮೇಲೆ ಇರುವೆ ಸಾಲು ಹರಿದರೆ ತಕ್ಷಣ ಸಂದಿ ಹುಡುಕಿ. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿ. ಜಾಸ್ತಿ ಇದ್ದರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ದ್ರವ ಸೋಪು ಕಲಸಿ, ಸಂಜೆ ಹೊತ್ತು ಎಲೆಯ ಅಡಿಗೂ ತಾಗುವಂತೆ ವಾರಕ್ಕೊಮ್ಮೆ ಮೂರು ವಾರ ಹೊಡೆಯಿರಿ. ಬೇಸಿಗೆಯಲ್ಲಿ ನುಸಿ ಬರುತ್ತದೆ, ಎಲೆಯ ಅಡಿ ನೀರಿಂದ ತೊಳೆದರೆ ಬಹಳಷ್ಟು ಹೋಗುತ್ತದೆ. ಎಲೆ ಹೊಳೆಯಲಿ ಅಂತ ಕೊಬ್ಬರಿ ಎಣ್ಣೆ, ಹಾಲು ಹಚ್ಚಬೇಡಿ, ಧೂಳು ಅಂಟುತ್ತದೆ. ಒಂದು ಕೈಯನ್ನು ಎಲೆಯ ಅಡಿಗೆ ಕೊಟ್ಟು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಮಾನ್‌ಸ್ಟೆರಾ ಕೆಸುವಿನ ಕುಟುಂಬದ್ದು. ಕೆಸುವಿನಲ್ಲಿ ಗಂಟಲು ತುರಿಸುವ ಸೂಜಿಯಂಥ ಹರಳು ಇದರಲ್ಲೂ ಇದೆ. ಪತ್ರೊಡೆಗೆ ಕೆಸುವನ್ನು ಹುಣಸೆಹಣ್ಣು ಹಾಕಿ ಬೇಯಿಸುತ್ತೇವೆ, ಆದರೆ ಇದರ ಎಲೆ ತಿನ್ನುವಂಥದ್ದಲ್ಲವೇ ಅಲ್ಲ. ಮಗುವೋ ನಾಯಿಯೋ ಎಲೆ ಜಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಬಾಯಿ ತೊಳೆಸಿ ಡಾಕ್ಟರ್‌ಗೆ ತೋರಿಸಿ. ಕತ್ತರಿಸಿದ ಎಲೆಯನ್ನು ದನದ ಮುಂದೆ ಹಾಕಬೇಡಿ. ಸವರುವಾಗ ರಸ ಕೈಗೆ ತಾಗಿದರೆ ಸೋಪು ಹಾಕಿ ತೊಳೆಯಿರಿ, ಕಣ್ಣು ಮುಟ್ಟಬೇಡಿ.

ಗಿಡ ಎತ್ತರವಾಗಿ ಪಕ್ಕದ ಮನೆಯವರು ಒಂದು ತುಂಡು ಕೇಳಿದರೆ ಬರೀ ಎಲೆ ಕೊಡಬೇಡಿ, ಎಲೆ ನೀರಲ್ಲಿ ಬೇರು ಬಿಟ್ಟರೂ ಗಿಡ ಆಗುವುದಿಲ್ಲ. ಗಿಣ್ಣು ಇರಲೇಬೇಕು. ಒಂದು ಎಲೆ, ಒಂದು ಗಿಣ್ಣು, ಸಾಧ್ಯವಾದರೆ ಒಂದು ಬೇರು ಇರುವ ತುಂಡನ್ನು, ಗಿಣ್ಣಿನ ಕೆಳಗೆ ಒಂದು ಇಂಚು ಬಿಟ್ಟು ಚೂಪಾದ ಚಾಕುವಿನಿಂದ ಕತ್ತರಿಸಿ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ, ಬಿದ್ದ ಮೇಲೆ ಏಪ್ರಿಲ್, ಮೇ ಒಳ್ಳೆಯ ಕಾಲ. ಕತ್ತರಿಸಿದ ಜಾಗ ಒಂದು ದಿನ ನೆರಳಲ್ಲಿ ಆರಲಿ. ಆಮೇಲೆ ಗಿಣ್ಣು ಮುಳುಗುವಷ್ಟು ನೀರಿರುವ ಬಾಟಲಿಯಲ್ಲಿಟ್ಟು, ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬದಲಾಯಿಸಿ. ಹೊಸ ಬೇರು ಎರಡು ಮೂರು ಇಂಚು ಆದ ಮೇಲೆ ಚಿಕ್ಕ ಕುಂಡಕ್ಕೆ ನೆಡಿ. ಮೊದಲ ಹೊಸ ಎಲೆ ಪೂರ್ತಿ ಬಿಚ್ಚುವ ತನಕ ಗೊಬ್ಬರ ಹಾಕಬೇಡಿ.